‘ಎರಡು ಲೇಬರ್’ ಎಂಬಲ್ಲಿಂದ ‘ಇಬ್ಬರು’ ಎಂಬಲ್ಲಿಗೆ: ಎದುರಿನವರನ್ನು ಮನುಷ್ಯರಾಗಿ ಕಾಣುವ ಅಭ್ಯಾಸಕ್ಕೊಂದು ಕೈಪಿಡಿ

ಮಳೆಗಾಲಕ್ಕೆ ಮುನ್ನ ಬರುವ ತುಳುನಾಡಿನ ಗಡುವಿನ ದಿನವಾದ ಪತ್ತನಾಜೆ ಹತ್ತಿರವಾಗುತ್ತಿದ್ದಂತೆ ಉಡುಪಿಯ ಸುತ್ತಮುತ್ತ ಹಂಚಿನ ಮನೆಗಳಲ್ಲಿರುವವರೆಲ್ಲ ಮಾಡಿನತ್ತ ಕಣ್ಣು ಹಾಯಿಸತೊಡಗುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಒಡೆದ ಹಂಚುಗಳನ್ನು ಬದಲಾಯಿಸಬೇಕೆಂದು ಮೇಸ್ತ್ರಿಗೆ ಫೋನ್ ಮಾಡಿ, "ನಾಳೆ ಎರಡು ಲೇಬರ್ ಕಳುಹಿಸಿ, ಸಾಕು" ಎಂದಿದ್ದೆ. ಮರುದಿನ ಬಂದವರು ಕೊಪ್ಪಳದ ಕಡೆಯವರು. ಸಂಜೆ ಸ್ವಲ್ಪ ಕೆಲಸ ಉಳಿದದ್ದರಿಂದ ಅವರ ಎದುರಿನಲ್ಲಿಯೇ ಮತ್ತೆ ಫೋನ್ ಮಾಡಿ ಅದೇ ಮಾತನ್ನು ಹೇಳಿದೆ. ಏಣಿಯಿಂದ ಇಳಿಯುತ್ತಿದ್ದ ಹಿರಿಯರು, "ನಾವಿಬ್ಬರೂ ಬರ್ತೀವ್ರೀ ಸರ್" ಎಂದರು. ಅವರ ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ. ಆದರೂ ನಾನು ‘ಎರಡು’ ಎಂದ ಜಾಗದಲ್ಲಿ ಅವರು ‘ಇಬ್ಬರು’ ಎಂದದ್ದು ಆ ರಾತ್ರಿ ನನ್ನನ್ನು ನಿದ್ರೆ ಮಾಡಗೊಡಲಿಲ್ಲ.

ಕನ್ನಡದಲ್ಲಿ ವಸ್ತುಗಳನ್ನು ಎಣಿಸುವ ಬಗೆ ಬೇರೆ, ಮನುಷ್ಯರನ್ನು ಎಣಿಸುವ ಬಗೆ ಬೇರೆ. ತೆಂಗಿನಕಾಯಿ ಎರಡು, ಮೂರು, ನಾಲ್ಕು; ಮನುಷ್ಯರು ಇಬ್ಬರು, ಮೂವರು, ನಾಲ್ವರು. ಎದುರಿಗೆ ನಿಂತ ಇಬ್ಬರನ್ನು ನನ್ನ ನಾಲಿಗೆ ನನಗೆ ತಿಳಿಯದೆಯೇ ತೆಂಗಿನಕಾಯಿಗಳ ಸಾಲಿಗೆ ಸೇರಿಸಿತ್ತು. ನಾನು ಹಲವು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದವನು. ಅಮಾನವೀಕರಣದ ಬಗ್ಗೆ, ಅಂದರೆ ಇನ್ನೊಬ್ಬರ ಮನುಷ್ಯತ್ವವನ್ನು ಪೂರ್ತಿಯಾಗಿಯೋ ಭಾಗಶಃವೋ ಅಲ್ಲಗಳೆಯುವ ಮನಸ್ಸಿನ ಕ್ರಿಯೆಯ ಬಗ್ಗೆ ಪಾಠ ಮಾಡುವಾಗ ಜರ್ಮನಿಯ, ರುವಾಂಡದ ನರಮೇಧಗಳ ಉದಾಹರಣೆಗಳನ್ನೇ ಕೊಡುತ್ತಿದ್ದೆ. ಅದು ನಮ್ಮ ಅಂಗಳದಲ್ಲಿ, ದ್ವೇಷದ ಸುಳಿವೂ ಇಲ್ಲದೆ, ಒಂದು ಸಂಖ್ಯಾವಾಚಕದೊಳಗೆ ಕುಳಿತಿರಬಹುದೆಂದು ಹೊಳೆದಿರಲಿಲ್ಲ. ಆ ಬಳಿಕ ನಾನೂ ಕೆಲವು ಸ್ನೇಹಿತರೂ ಸೇರಿ ಒಂದು ಅಭ್ಯಾಸವನ್ನು ರೂಪಿಸಿಕೊಂಡೆವು. ಒಬ್ಬರೇ ಮಾಡಬಹುದು; ಯುವಕ ಮಂಡಲ, ಮಹಿಳಾ ಮಂಡಲ, ವಸತಿ ಸಮುಚ್ಚಯದ ಸಂಘ ಅಥವಾ ಕಾಲೇಜಿನ ಎನ್‌ಎಸ್‌ಎಸ್ ಘಟಕ ಒಟ್ಟಾಗಿಯೂ ಮಾಡಬಹುದು. ಆರೇಳು ವಾರಗಳ ಬಿಡುವು ಮತ್ತು ಒಂದು ನೋಟ್ ಪುಸ್ತಕ ಇದ್ದರೆ ಸಾಕು.

ಆರಂಭಿಸುವ ಮೊದಲು ಏನನ್ನು ಹುಡುಕುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಕೆಲ್ಮನ್ 1973ರಲ್ಲಿ ಬರೆದ ಲೇಖನದ ಪ್ರಕಾರ, ಒಬ್ಬರನ್ನು ಪೂರ್ಣ ಮನುಷ್ಯರೆಂದು ಕಾಣುವುದೆಂದರೆ ಅವರಿಗೆ ತಮ್ಮದೇ ಆದ ವ್ಯಕ್ತಿತ್ವವಿದೆ ಎಂಬುದನ್ನೂ, ಪರಸ್ಪರ ಕಾಳಜಿ ತೋರುವ ಮನುಷ್ಯರ ಬಳಗಕ್ಕೆ ಅವರು ಸೇರಿದವರು ಎಂಬುದನ್ನೂ ಒಪ್ಪಿಕೊಳ್ಳುವುದು. ಇವೆರಡರಲ್ಲಿ ಒಂದು ಕೈತಪ್ಪಿದರೂ ಅಮಾನವೀಕರಣ ಶುರುವಾಗುತ್ತದೆ. ಅದೇ ಕ್ಷೇತ್ರದ ನಿಕ್ ಹಾಸ್ಲಮ್ 2006ರಲ್ಲಿ ಇದರ ಎರಡು ರೂಪಗಳನ್ನು ಬೇರ್ಪಡಿಸಿ ತೋರಿಸಿದರು. ನಾಗರಿಕತೆ, ಸಂಯಮ, ವಿವೇಚನೆಗಳು ಇವರಿಗಿಲ್ಲ ಎಂದುಕೊಂಡಾಗ ಎದುರಿನವರು ಪ್ರಾಣಿಯಂತೆ ಕಾಣುತ್ತಾರೆ. ಭಾವನೆ, ಬಯಕೆ, ಮನಸ್ಸಿನ ಆಳ ಇವರಿಗಿಲ್ಲ ಎಂದುಕೊಂಡಾಗ ಯಂತ್ರದಂತೆ ಕಾಣುತ್ತಾರೆ. ಮೊದಲನೆಯದರಲ್ಲಿ ಹೆಚ್ಚಾಗಿ ಹೇಸಿಗೆ ಇರುತ್ತದೆ, ಎರಡನೆಯದರಲ್ಲಿ ಉದಾಸೀನ. ನನ್ನ ‘ಎರಡು ಲೇಬರ್’ ಎರಡನೆಯ ಬಗೆಗೆ ಸೇರಿದ್ದು, ಮತ್ತು ನಮ್ಮ ದಿನನಿತ್ಯದ ಬದುಕಿನಲ್ಲಿ ಇದೇ ಹೆಚ್ಚು ಎಂದು ನನ್ನ ಅನಿಸಿಕೆ.

ಮೊದಲನೆಯದು ನಮ್ಮಲ್ಲಿಲ್ಲ ಎಂದು ಯಾರೂ ತಿಳಿಯಬಾರದು. ಕರಾವಳಿಯ ಕೊರಗ ಸಮುದಾಯದವರ ಮೇಲೆ ನಡೆಯುತ್ತಿದ್ದ ‘ಅಜಲು’ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರ 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ಅವರ ದುಡಿಮೆಗೆ ಕೂಲಿ ಕೊಡದಿರುವುದು ಅಥವಾ ಕಡಿಮೆ ಕೊಡುವುದು, ಕೂದಲು ಉಗುರು ಮುಂತಾದವನ್ನು ಬೆರೆಸಿದ ಆಹಾರವನ್ನು ಉಣಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು, ಇವೆಲ್ಲ ಆ ಕಾಯಿದೆಯ ವಿವರಣೆಯಲ್ಲಿಯೇ ಇವೆ. ಹಾಸ್ಲಮ್ ಹೇಳಿದ ಪ್ರಾಣೀಕರಣಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಹೊರದೇಶದ ಪಠ್ಯಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಕಾಯಿದೆ ಬಂದು ಹೆಚ್ಚೆಂದರೆ ಒಂದು ತಲೆಮಾರು ಕಳೆದಿದೆ ಎಂಬುದನ್ನು ಈ ಅಭ್ಯಾಸಕ್ಕೆ ಕುಳಿತವರು ನೆನಪಿನಲ್ಲಿಡಬೇಕು.

ಮೊದಲ ವಾರ: ನಮ್ಮ ಮಾತನ್ನು ನಾವೇ ಕೇಳಿಸಿಕೊಳ್ಳುವುದು

ಮೊದಲ ವಾರ ಯಾರನ್ನೂ ತಿದ್ದುವ ಪ್ರಯತ್ನ ಬೇಡ, ತಮ್ಮನ್ನು ತಾವು ತಿದ್ದಿಕೊಳ್ಳುವ ಪ್ರಯತ್ನವೂ ಬೇಡ. ಕೇಳಿಸಿಕೊಂಡು ಬರೆದಿಡುವುದಷ್ಟೇ ಕೆಲಸ. ನೋಟ್ ಪುಸ್ತಕದ ಒಂದು ಪುಟದಲ್ಲಿ, ನೀವು ದಿನವೂ ಕಾಣುವ ಆದರೆ ಹೆಸರು ತಿಳಿಯದ ಐದಾರು ಮಂದಿಯನ್ನು ಅವರ ಕೆಲಸದಿಂದ ಗುರುತಿಸಿ ಬರೆಯಿರಿ: ಕಸ ಒಯ್ಯುವ ಪೌರಕಾರ್ಮಿಕರು, ಸಿಟಿ ಬಸ್ಸಿನ ಕಂಡಕ್ಟರ್, ರಾತ್ರಿ ಪಾಳಿಯ ವಾಚ್‌ಮನ್, ಬೆಳಗ್ಗೆ ಕೂಲಿಗಾಗಿ ರಸ್ತೆಬದಿಯಲ್ಲಿ ಕಾಯುವವರು, ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಮೀನಿನ ಬುಟ್ಟಿ ಹೊರುವವರು. ಇವರ ಬಗ್ಗೆ ಆ ವಾರ ನಿಮ್ಮ ಬಾಯಿಂದ ಬಂದ ಮಾತುಗಳನ್ನು, ಆಡಿದಂತೆಯೇ, ರಾತ್ರಿ ಮಲಗುವ ಮುನ್ನ ದಾಖಲಿಸಿ. ನೆನಪು ಕೂಡಲೇ ಮಾತನ್ನು ಅಂದಗೊಳಿಸಿಬಿಡುತ್ತದೆ. ಆದ್ದರಿಂದ ಮರುದಿನಕ್ಕೆ ಮುಂದೂಡಬಾರದು.

ವಾರದ ಕೊನೆಗೆ ಆ ಪುಟಗಳಲ್ಲಿ ಏನನ್ನು ನೋಡಬೇಕು? ಮೊದಲು ಎಣಿಕೆಯನ್ನು ನೋಡಿ: ‘ಮೂವರು’, ‘ಮೂರು ಜನ’ ಎಂದಿರುವಿರಾ ಅಥವಾ ‘ಮೂರು ಲೇಬರ್’ ಎಂದಿರುವಿರಾ? ಆಮೇಲೆ ಸರ್ವನಾಮವನ್ನು ನೋಡಿ. ವಯಸ್ಸಾದ ಹೆಂಗಸಿನ ಬಗ್ಗೆ ‘ಅದು ಇವತ್ತು ಬರಲಿಲ್ಲ’ ಎಂಬ ಮಾತು ನಮ್ಮ ಎಷ್ಟು ಮನೆಗಳಲ್ಲಿ ಸಲೀಸಾಗಿ ಬರುತ್ತದೆ! ಮಕ್ಕಳನ್ನು ಮುದ್ದಿನಿಂದ ‘ಅದು’ ಎನ್ನುವುದುಂಟು. ಹಾಗಾಗಿ ನಪುಂಸಕಲಿಂಗ ಬಂದಲ್ಲೆಲ್ಲ ಅವಮಾನವಿದೆ ಎಂದಾಗದು, ಸಂದರ್ಭವನ್ನು ತೂಗಿ ನೋಡಬೇಕು. ತುಳುವಿನಲ್ಲಿ ಮಾತನಾಡುವವರು ‘ಈ’ (ನೀನು) ಮತ್ತು ‘ಈರ್’ (ನೀವು) ಎಂಬೆರಡರ ನಡುವಿನ ಆಯ್ಕೆಯನ್ನು ಗಮನಿಸಲಿ. ಅರುವತ್ತು ವರ್ಷದ ಗುಡಿಸುವಾಕೆಯನ್ನು ಹತ್ತು ವರ್ಷದ ಮಗು ‘ಈ’ ಎಂದು ಕರೆಯುತ್ತಿದ್ದರೆ, ಆ ಮಗುವಿಗೆ ಅದನ್ನು ಯಾರೂ ಕುಳ್ಳಿರಿಸಿ ಕಲಿಸಿರುವುದಿಲ್ಲ. ಹಿರಿಯರ ಬಾಯಿಂದ ಅದು ಹಾಗೆಯೇ ಇಳಿದು ಬಂದಿರುತ್ತದೆ.

‘ಆಳು’ ಎಂಬ ಪದದ ಬಗ್ಗೆ ಇಲ್ಲೊಂದು ಮಾತು ಹೇಳಬೇಕೆನಿಸುತ್ತದೆ. ‘ಎರಡು ಆಳು ಬೇಕು’ ಎಂದು ನಾವು ಕೆಲಸದ ಲೆಕ್ಕದಲ್ಲಿ ಹೇಳುತ್ತೇವೆ. ಅದೇ ‘ಆಳು’ ಬಾವಿಯ ಆಳವನ್ನು ಹೇಳುವಾಗ ‘ಆಳುದ್ದ’ದಲ್ಲಿ ಮನುಷ್ಯನ ನಿಲುವನ್ನು ಸೂಚಿಸುತ್ತದೆ. ಮನುಷ್ಯ ಎಂಬ ಅರ್ಥ ಇನ್ನೂ ಉಸಿರಾಡುತ್ತಿರುವ ಪದವೇ ನಮ್ಮ ಬಾಯಲ್ಲಿ ಕೂಲಿಯ ಅಳತೆಯಾಗಿಬಿಟ್ಟಿದೆ.

ಮಾತು ಬರಿಯ ಮಾತು ತಾನೇ ಎಂಬ ಪ್ರಶ್ನೆ ಗುಂಪಿನಲ್ಲಿ ಖಂಡಿತ ಏಳುತ್ತದೆ. ಅದಕ್ಕೆ ಉತ್ತರವಾಗಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಮೇಲ್ವಿಚಾರಕರ ಪಾತ್ರ ಕೊಟ್ಟು, ಇನ್ನೊಂದು ಕೋಣೆಯಲ್ಲಿರುವ ತಂಡ ತಪ್ಪು ನಿರ್ಧಾರ ಮಾಡಿದಾಗಲೆಲ್ಲ ವಿದ್ಯುತ್ ಆಘಾತದ ಶಿಕ್ಷೆ ಕೊಡಲು ಹೇಳಲಾಗಿತ್ತು. ಆಘಾತ ನಿಜವಾಗಿ ಯಾರಿಗೂ ತಲುಪುತ್ತಿರಲಿಲ್ಲ, ಆದರೆ ಅದು ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಆ ತಂಡದವರ ಬಗ್ಗೆ ಸಂಶೋಧಕರ ಕಡೆಯವರು ಆಡಿಕೊಂಡ ಒಂದು ಮಾತು ವಿದ್ಯಾರ್ಥಿಗಳ ಕಿವಿಗೆ ಬೀಳುವಂತೆ ಏರ್ಪಾಡು ಮಾಡಲಾಗಿತ್ತು. ಕೆಲವರಿಗೆ ಅವರು ಮೃಗದಂಥ ಜನ ಎಂದು ಕೇಳಿಸಿತು, ಕೆಲವರಿಗೆ ವಿಚಾರವಂತರು ಎಂದು ಕೇಳಿಸಿತು, ಉಳಿದವರಿಗೆ ಯಾವ ವಿಶೇಷಣವೂ ಕೇಳಿಸಲಿಲ್ಲ. ಮೃಗದಂಥವರು ಎಂದು ಕೇಳಿಸಿಕೊಂಡವರು ಎಲ್ಲರಿಗಿಂತ ಕಠಿಣ ಶಿಕ್ಷೆ ಕೊಟ್ಟರು. ವಿಚಾರವಂತರೆಂದು ಕೇಳಿಸಿಕೊಂಡವರು ಏನೂ ಕೇಳಿಸಿಕೊಳ್ಳದವರಿಗಿಂತಲೂ ಸೌಮ್ಯವಾಗಿ ನಡೆದುಕೊಂಡರು. ಒಳ್ಳೆಯ ಮಾತಿಗೂ ಕೈಯನ್ನು ತಡೆಯುವ ಶಕ್ತಿಯಿದೆ ಎಂಬ ಆ ಎರಡನೆಯ ಫಲಿತಾಂಶವನ್ನು ಪಾಠಗಳಲ್ಲಿ ಅಷ್ಟಾಗಿ ಒತ್ತಿ ಹೇಳುವುದಿಲ್ಲ. ನಮ್ಮ ಅಭ್ಯಾಸಕ್ಕೆ ಮಾತ್ರ ಅದೇ ಮುಖ್ಯ.

ಎರಡು ಮತ್ತು ಮೂರನೆಯ ವಾರ: ಮೌಲ್ಯಗಳನ್ನು ಊಹಿಸಿ, ಆಮೇಲೆ ಕೇಳಿ ತಿಳಿಯುವುದು

ಈ ಕೈಪಿಡಿಯ ಜೀವಾಳ ಈ ಭಾಗ. ಇದಕ್ಕೆ ಎರಡು ವಾರವನ್ನಾದರೂ ಕೊಡಬೇಕು. ಇಸ್ರೇಲಿನ ಸಂಶೋಧಕರಾದ ಶಾಲೋಮ್ ಶ್ವಾರ್ಟ್ಸ್ ಮತ್ತು ನವೋಮಿ ಸ್ಟ್ರೂಕ್ 1989ರಲ್ಲಿ ಮಂಡಿಸಿದ ವಾದ ಹೀಗಿದೆ: ಒಂದು ಗುಂಪಿನ ಜನರಿಗೆ ಬದುಕಿನಲ್ಲಿ ಯಾವುದು ಮುಖ್ಯ ಎಂದು ನಾವು ಭಾವಿಸುತ್ತೇವೋ, ಅದರ ಆಧಾರದಲ್ಲಿ ಅವರ ಮನುಷ್ಯತ್ವವನ್ನು ಅಳೆಯುತ್ತೇವೆ. ಅವರ ಮೌಲ್ಯಗಳು ನಮ್ಮವಕ್ಕಿಂತ ತೀರ ಬೇರೆ ಎಂದು ತೋರಿದಷ್ಟೂ ಅವರು ನಮಗೆ ಕಡಿಮೆ ಮನುಷ್ಯರಾಗಿ ತೋರುತ್ತಾರೆ. ಇಸ್ರೇಲಿನ ಯೆಹೂದಿಗಳು ತಮ್ಮದೇ ಧರ್ಮದ ಅತಿಸಂಪ್ರದಾಯಸ್ಥ ಪಂಗಡದವರ ಬಗ್ಗೆ ತಳೆದಿದ್ದ ಧೋರಣೆಯನ್ನು ಅವರು ಅಧ್ಯಯನ ಮಾಡಿದಾಗ, ಎರಡು ಗುಂಪುಗಳ ಹಿತಾಸಕ್ತಿಗಳು ಪರಸ್ಪರ ವಿರುದ್ಧ ಎಂಬ ಭಾವನೆಯು ಆಕ್ರಮಣಶೀಲತೆಗೆ ದಾರಿಮಾಡುವುದರಲ್ಲಿ ಈ ಅಮಾನವೀಕರಣವು ನಡುವಿನ ಮೆಟ್ಟಿಲಾಗಿ ಕಂಡುಬಂದಿತು. ಗಮನಿಸಿ: ಇಲ್ಲಿ ಧರ್ಮ ಒಂದೇ; ಬೇರೆಯಾಗಿ ಕಂಡದ್ದು ಬದುಕಿನ ಆದ್ಯತೆಗಳು.

ಶ್ವಾರ್ಟ್ಸ್ 1992ರಲ್ಲಿ ಎಲ್ಲ ಸಮಾಜಗಳಲ್ಲಿಯೂ ಗುರುತಿಸಬಹುದಾದ ಹತ್ತು ಮೂಲ ಮೌಲ್ಯಗಳ ಪಟ್ಟಿಯನ್ನು ಮುಂದಿಟ್ಟರು. ಅವನ್ನು ನಮ್ಮ ಮಾತಿಗೆ ಇಳಿಸಿದರೆ ಹೀಗಾಗುತ್ತವೆ: ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವುದು, ಹೊಸ ಅನುಭವ, ಸುಖ, ಸಾಧನೆ, ಅಧಿಕಾರ, ಭದ್ರತೆ, ನಾಲ್ಕು ಜನ ಒಪ್ಪುವಂತೆ ನಡೆಯುವುದು, ಸಂಪ್ರದಾಯ, ತನ್ನವರ ಹಿತ ಮತ್ತು ಸರ್ವರ ಹಿತ. ಇವನ್ನು ಹತ್ತು ಚೀಟಿಗಳಲ್ಲಿ ಬರೆಯಿರಿ. ಮೊದಲು ನಿಮಗೆ ಮುಖ್ಯವಾದ ಕ್ರಮದಲ್ಲಿ ಚೀಟಿಗಳನ್ನು ಜೋಡಿಸಿ, ಆ ಕ್ರಮವನ್ನು ನೋಟ್ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿ. ನಂತರ ಮೊದಲ ವಾರದ ಪಟ್ಟಿಯಿಂದ ಒಬ್ಬರನ್ನು ಆರಿಸಿ, ಅವರು ಈ ಚೀಟಿಗಳನ್ನು ಹೇಗೆ ಜೋಡಿಸಬಹುದೆಂದು ಊಹಿಸಿ, ಅದನ್ನೂ ಪಕ್ಕದಲ್ಲಿ ಬರೆಯಿರಿ. ನಮ್ಮ ಗುಂಪಿನಲ್ಲಿ ಇದನ್ನು ಮಾಡಿದಾಗ, ಹೊರಜಿಲ್ಲೆಗಳಿಂದ, ಹೊರರಾಜ್ಯಗಳಿಂದ ದುಡಿಯಲು ಬಂದವರ ಹೆಸರಿನಲ್ಲಿ ನಾವು ಬಹುಮಟ್ಟಿಗೆ ಸುಖವನ್ನೂ ಭದ್ರತೆಯನ್ನೂ ಮೇಲಿಟ್ಟಿದ್ದೆವು: ಕೂಲಿ ಸಿಕ್ಕಿದರೆ ಸಾಕು, ಸಂಜೆಗೆ ಕುಡಿದರೆ ಮುಗಿಯಿತು ಎಂಬ ಊಹೆ. ಸರ್ವರ ಹಿತವನ್ನು ಅವರ ಪಟ್ಟಿಯ ಮೇಲ್ಭಾಗದಲ್ಲಿಟ್ಟವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಈ ಊಹೆಯನ್ನು ಬರೆದಿಡುವುದು ನಾಚಿಕೆಯ ಕೆಲಸ, ಆದರೂ ಬರೆದಿಡಬೇಕು.

ಆಮೇಲೆ ಕೇಳಬೇಕು. ಚೀಟಿಗಳನ್ನು ಹಿಡಿದುಕೊಂಡು ಯಾರ ಬಳಿಗೂ ಹೋಗಬಾರದು. ಅದು ಸಮೀಕ್ಷೆಯಾಗುತ್ತದೆ, ಸಮೀಕ್ಷೆಗೆ ಬಂದವರ ಮುಂದೆ ಬಡವರು ಕೊಡಬೇಕಾದ ಉತ್ತರವನ್ನೇ ಕೊಡುತ್ತಾರೆ. ಕೆಲಸದ ನಡುವೆ ಚಹಾ ಕುಡಿಯುವ ಹೊತ್ತಿನಲ್ಲಿ, ನೀವೂ ಅವರ ಜೊತೆ ಅದೇ ಎತ್ತರದಲ್ಲಿ ಕುಳಿತು, ಮಾತಿಗೆ ಮಾತು ಸೇರಿದಾಗ ಕೇಳಿ. ‘ನಿಮಗೆ ಯಾವ ಮೌಲ್ಯ ಮುಖ್ಯ’ ಎಂಬ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರಿಸಲಾರರು. ‘ಮಕ್ಕಳು ಎಂಥವರಾಗಬೇಕೆಂದು ನಿಮ್ಮ ಆಸೆ’ ಎಂಬ ಪ್ರಶ್ನೆಗೆ ಎಲ್ಲರೂ ಉತ್ತರಿಸುತ್ತಾರೆ. ಮೊದಲು ನಿಮ್ಮ ಮಕ್ಕಳ ವಿಷಯವನ್ನು ನೀವು ಹೇಳಿ, ನಂತರ ಅವರದನ್ನು ಕೇಳಿದರೆ ಮಾತು ವಿಚಾರಣೆಯ ರೂಪ ಪಡೆಯುವುದಿಲ್ಲ. ಹಂಚು ಹೊದೆಸಲು ಬಂದಿದ್ದ ಆ ಹಿರಿಯರನ್ನು ಮುಂದಿನ ವರ್ಷ ಮತ್ತೆ ಕರೆಸಿದಾಗ ನಾನು ಹೀಗೆ ಕೇಳಿದೆ. ಅವರು ತಮ್ಮ ಮಗಳ ಬಗ್ಗೆ ಹೇಳಿದರು: "ಯಾರ ಮುಂದೂ ಕೈ ಚಾಚಬಾರದ್ರೀ. ಆದ್ರ ಮನೀಗೆ ಬಂದವರಿಗೆ ಇಲ್ಲ ಅನ್ನಬಾರದು." ಸ್ವಾವಲಂಬನೆ ಮತ್ತು ಪರಹಿತ; ಚೀಟಿಗಳ ಮಾತಿನಲ್ಲಿ ಹೇಳುವುದಾದರೆ, ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವುದು ಮತ್ತು ಸರ್ವರ ಹಿತ. ನನ್ನ ಸ್ವಂತ ಪಟ್ಟಿಯ ಮೊದಲೆರಡು ಚೀಟಿಗಳೂ ಅವೇ ಆಗಿದ್ದವು. ಅವರ ಹೆಸರಿನಲ್ಲಿ ನಾನು ಊಹಿಸಿದ್ದ ಪಟ್ಟಿಯಲ್ಲಿ ಅವು ಆರನೆಯ, ಎಂಟನೆಯ ಸ್ಥಾನದಲ್ಲಿದ್ದವು.

ಇದು ಒಂದು ಮನೆಯ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಶ್ವಾರ್ಟ್ಸ್ ಮತ್ತು ಅನತ್ ಬರ್ದಿ 2001ರಲ್ಲಿ ಹಲವು ದೇಶಗಳ ಮಾಹಿತಿಯನ್ನು ಹೋಲಿಸಿ ತೋರಿಸಿದಂತೆ, ಮೌಲ್ಯಗಳ ಕ್ರಮದಲ್ಲಿ ಸಮಾಜಗಳ ನಡುವೆ ನಾವು ಊಹಿಸುವುದಕ್ಕಿಂತ ಹೆಚ್ಚು ಸಾಮ್ಯವಿದೆ: ತನ್ನವರ ಹಿತ ಎಂಬುದು ಬಹುಪಾಲು ಎಲ್ಲ ಕಡೆ ಅತಿ ಮೇಲೆ, ಅಧಿಕಾರ ಎಂಬುದು ಅತಿ ಕೆಳಗೆ. ಎಂದಮೇಲೆ ಎದುರಿನವರಿಗೆ ಯಾವುದೂ ಮುಖ್ಯವಲ್ಲ ಎಂಬ ಊಹೆ ಸತ್ಯಕ್ಕೆ ದೂರವಾಗಿರುವ ಸಂಭವವೇ ಹೆಚ್ಚು. ಕೇಳಿದ ಬಳಿಕ ಊಹೆಯ ಪಟ್ಟಿಯ ಪಕ್ಕದಲ್ಲಿ ತಿಳಿದುಬಂದ ಪಟ್ಟಿಯನ್ನು ಬರೆದು, ಎರಡರ ನಡುವಿನ ಅಂತರವನ್ನು ಗುಂಪಿನಲ್ಲಿ ಓದಿ ಹೇಳಿ. ಮಾತನಾಡಿದ ವ್ಯಕ್ತಿಯ ಹೆಸರನ್ನೂ ಗುರುತನ್ನೂ ಓದಬಾರದು. ಅವರ ಮನೆಯ ಮಾತು ನಮ್ಮ ಸಭೆಯ ಸರಕಾಗಬಾರದು.

ಸಣ್ಣ ಪ್ರಶ್ನೆಗಳ ಬಲ

ಮಕ್ಕಳ ಭವಿಷ್ಯದ ಬಗ್ಗೆ ಮಾತನಾಡುವಷ್ಟು ಸಲುಗೆ ಎಲ್ಲರೊಂದಿಗೂ ಸಾಧ್ಯವಿಲ್ಲ. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ ಅರ್ಧ ನಿಮಿಷ ಸಿಗುವವರೊಂದಿಗೆ ಏನು ಮಾಡಬೇಕು? ಲಸಾನ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ 2006ರಲ್ಲಿ ಮಿದುಳಿನ ಸ್ಕ್ಯಾನಿಂಗ್ ಮೂಲಕ ಒಂದು ಕಳವಳಕಾರಿ ಸಂಗತಿಯನ್ನು ಕಂಡುಕೊಂಡರು. ಇನ್ನೊಬ್ಬರ ಮನಸ್ಸಿನ ಬಗ್ಗೆ ಯೋಚಿಸುವಾಗ ಸಾಮಾನ್ಯವಾಗಿ ಚುರುಕಾಗುವ, ಹಣೆಯ ಹಿಂಬದಿಯ ನಡುಭಾಗದ ಪ್ರದೇಶವು, ಮನೆಯಿಲ್ಲದವರ ಮತ್ತು ಮಾದಕ ವ್ಯಸನಿಗಳ ಚಿತ್ರಗಳನ್ನು ನೋಡುವಾಗ ಬೇರೆ ಗುಂಪುಗಳ ಚಿತ್ರಗಳಿಗೆ ತೋರಿದಷ್ಟು ಸ್ಪಂದನೆಯನ್ನು ತೋರಲಿಲ್ಲ. ಮರುವರ್ಷದ ಅಧ್ಯಯನ ಇನ್ನೂ ಉಪಯುಕ್ತವಾದದ್ದು. ಅದೇ ಬಗೆಯ ಚಿತ್ರಗಳನ್ನು ತೋರಿಸಿ, ಈ ವ್ಯಕ್ತಿಗೆ ಇಂಥ ತರಕಾರಿ ಇಷ್ಟವಾಗಬಹುದೇ ಎಂದು ಯೋಚಿಸಲು ಹೇಳಿದಾಗ ಆ ಪ್ರದೇಶ ಮತ್ತೆ ಚುರುಕಾಯಿತು. ಕರುಣೆ ತೋರು ಎಂದು ಯಾರೂ ಉಪದೇಶಿಸಿರಲಿಲ್ಲ. ಅವರಿಗೂ ಒಂದು ರುಚಿ ಇದೆ ಎಂದು ಒಂದು ಕ್ಷಣ ಯೋಚಿಸಿದ್ದೇ ಸಾಕಾಗಿತ್ತು.

ನಮ್ಮ ಊರಿನಲ್ಲಿ ಇದನ್ನು ಮಾಡುವುದು ಎಷ್ಟು ಸುಲಭ! ಮೀನಿನಲ್ಲಿ ಬಂಗುಡೆಯೋ ಬೂತಾಯಿಯೋ, ಸೊಪ್ಪಿನಲ್ಲಿ ಬಸಳೆಯೋ ಹರಿವೆಯೋ, ಕುಚ್ಚಲಕ್ಕಿ ರೂಢಿಯಾಯಿತೋ ಇಲ್ಲವೋ ಎಂದು ಕೇಳಿದರೆ ಉತ್ತರ ಕೊಡದವರಿಲ್ಲ. ಕೇಳಲು ಸಂಕೋಚವಾದರೆ ಮನಸ್ಸಿನಲ್ಲಿ ಊಹಿಸಿದರೂ ಒಂದು ಆರಂಭವಾಗುತ್ತದೆ. ಸಂಕೋಚಕ್ಕೆ ಕೂಡ ನಾವು ತಿಳಿದಷ್ಟು ಆಧಾರವಿಲ್ಲ: ನಿಕೋಲಸ್ ಎಪ್ಲೇ ಮತ್ತು ಜೂಲಿಯಾನ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಷಿಕಾಗೋದ ಪ್ರಯಾಣಿಕರು ಅಪರಿಚಿತರೊಂದಿಗೆ ಮಾತನಾಡಿದರೆ ಪ್ರಯಾಣ ಹಿತವಾಗಿರದು ಎಂದು ನಿರೀಕ್ಷಿಸಿದ್ದರು, ಮಾತನಾಡಿದವರ ಅನುಭವ ಅದಕ್ಕೆ ವಿರುದ್ಧವಾಗಿತ್ತು. ಇದೇ ಶ್ರೋಡರ್, ಎಪ್ಲೇ ಮತ್ತು ಮೈಕೆಲ್ ಕರ್ದಾಸ್ ಅವರು 2017ರಲ್ಲಿ ತೋರಿಸಿದ ಇನ್ನೊಂದು ಅಂಶವನ್ನೂ ಬಳಸಿಕೊಳ್ಳಿ. ನಾವು ಒಪ್ಪದ ಅಭಿಪ್ರಾಯವನ್ನು ಬರಹದಲ್ಲಿ ಓದಿದಾಗ ಅದರ ಹಿಂದಿನ ವ್ಯಕ್ತಿ ವಿಚಾರಹೀನರೆಂದು ತೋರುತ್ತಾರೆ. ಅದನ್ನೇ ಅವರ ದನಿಯಲ್ಲಿ ಕೇಳಿದಾಗ ಆ ಭಾವನೆ ತಗ್ಗುತ್ತದೆ. ವಸತಿ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾಚ್‌ಮನ್ ಬಗ್ಗೆ ದೂರು ಬರೆಯುವ ಮೊದಲು ಅವರೊಂದಿಗೆ ನೇರವಾಗಿ ಮಾತನಾಡಬೇಕು ಎಂಬ ನಿಯಮವನ್ನು ನಮ್ಮ ಸ್ನೇಹಿತರೊಬ್ಬರು ತಮ್ಮಲ್ಲಿ ಜಾರಿಗೆ ತಂದರು.

ಜೊತೆಗೂಡಿ ಮಾಡುವ ಕೆಲಸ

ಇಲ್ಲಿಯವರೆಗಿನದು ಒಬ್ಬೊಬ್ಬರ ಅಭ್ಯಾಸ. ನಾಲ್ಕನೆಯ ವಾರದಿಂದ ಗುಂಪು ಒಂದು ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದಂತೆ, ಗುಂಪುಗಳ ನಡುವಿನ ಸಂಪರ್ಕದಿಂದ ಪೂರ್ವಗ್ರಹ ಕಡಿಮೆಯಾಗಬೇಕಾದರೆ ಆ ಸಂದರ್ಭದಲ್ಲಿ ಇಬ್ಬರಿಗೂ ಸಮಾನ ಸ್ಥಾನವಿರಬೇಕು, ಗುರಿ ಒಂದೇ ಇರಬೇಕು, ಅದನ್ನು ಸಹಕಾರದಿಂದ ಸಾಧಿಸುವಂತಿರಬೇಕು ಮತ್ತು ಹಿರಿಯರ ಅಥವಾ ಸಂಸ್ಥೆಯ ಬೆಂಬಲವಿರಬೇಕು. ಥಾಮಸ್ ಪೆಟ್ಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸಂಪರ್ಕವು ಸಾಮಾನ್ಯವಾಗಿ ಪೂರ್ವಗ್ರಹವನ್ನು ತಗ್ಗಿಸುತ್ತದೆ, ಈ ಷರತ್ತುಗಳಿದ್ದಲ್ಲಿ ಪರಿಣಾಮ ಇನ್ನಷ್ಟು ಹೆಚ್ಚು ಎಂಬುದು ಕಂಡುಬಂತು.

ಈ ಷರತ್ತುಗಳ ಬೆಳಕಿನಲ್ಲಿ ನೋಡಿದರೆ ನಾವು ಸಾಮಾನ್ಯವಾಗಿ ಮಾಡುವ ಕಾರ್ಯಕ್ರಮಗಳು ಎಲ್ಲಿ ಸೋಲುತ್ತವೆ ಎಂಬುದು ತಿಳಿಯುತ್ತದೆ. ಪೌರಕಾರ್ಮಿಕರಿಗೆ ವರ್ಷಕ್ಕೊಮ್ಮೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಚಿತ್ರ ತೆಗೆಸಿಕೊಳ್ಳುವ ಸಭೆಯಲ್ಲಿ ಕೊಡುವವರು ವೇದಿಕೆಯ ಮೇಲಿರುತ್ತಾರೆ, ಪಡೆಯುವವರು ಕೆಳಗಿನಿಂದ ಬಂದು ಹೋಗುತ್ತಾರೆ. ಸಮಾನ ಸ್ಥಾನವೂ ಇಲ್ಲ, ಒಟ್ಟಾಗಿ ಸಾಧಿಸಬೇಕಾದ ಗುರಿಯೂ ಇಲ್ಲ. ಅದರ ಬದಲು ಅವರು ತಿಳಿದವರಾಗಿ, ನಾವು ಕಲಿಯುವವರಾಗಿ ಇರುವ ಕೆಲಸವನ್ನು ಆರಿಸಬೇಕು. ನಮ್ಮ ಅನುಭವದಲ್ಲಿ ಮಳೆಗಾಲಕ್ಕೆ ಮುನ್ನ ಬಡಾವಣೆಯ ಚರಂಡಿ ಮತ್ತು ತೋಡುಗಳ ನಕ್ಷೆ ಮಾಡುವುದು ಒಳ್ಳೆಯ ಆಯ್ಕೆ. ಯಾವ ತಿರುವಿನಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತದೆ, ಯಾವ ಚಪ್ಪಡಿಯ ಕೆಳಗೆ ಹರಿವು ಸಂಕುಚಿತವಾಗಿದೆ, ಯಾವ ಮನೆಗಳ ಕಸದಲ್ಲಿ ಒಡೆದ ಗಾಜು ಕಟ್ಟದೆ ಬರುತ್ತದೆ ಎಂಬುದೆಲ್ಲ ದಿನವೂ ಕೆಲಸ ಮಾಡುವವರಿಗೆ ಗೊತ್ತು, ನಿವಾಸಿಗಳಿಗೆ ಗೊತ್ತಿಲ್ಲ. ಅವರ ಕೆಲಸದ ವೇಳೆಯೊಳಗೇ ಇದು ನಡೆಯುವಂತೆ ಸಂಬಂಧಪಟ್ಟವರ ಒಪ್ಪಿಗೆ ಪಡೆಯಿರಿ, ಇಲ್ಲವೇ ಹೆಚ್ಚಿನ ಸಮಯಕ್ಕೆ ಕೂಲಿ ಕೊಡಿ. ನಮ್ಮ ಮನಃಪರಿವರ್ತನೆಗಾಗಿ ಅವರು ಪುಕ್ಕಟೆ ದುಡಿಯುವಂತಾಗಬಾರದು. ಎಲ್ಲರಿಗೂ ಒಂದೇ ಬಗೆಯ ಕುರ್ಚಿ, ಒಂದೇ ಬಗೆಯ ಲೋಟ ಇರಲಿ. ಲೋಟದ ಮಾತನ್ನು ಬರೆಯಬೇಕಾದ ಅಗತ್ಯ ಇನ್ನೂ ಉಳಿದಿರುವುದು ನೋವಿನ ಸಂಗತಿ.

ಹಿರಿಯರ ಬೆಂಬಲದ ಬಗ್ಗೆ ಮಂಗಳೂರಿಗೆ ತನ್ನದೇ ಆದ ನೆನಪಿದೆ. ಸಮಾಜ ಸುಧಾರಕ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಇಲ್ಲಿ ಸಂಸ್ಥೆಯನ್ನು ಕಟ್ಟಿದಾಗ ತಮ್ಮ ಸಮುದಾಯದವರ ವಿರೋಧವನ್ನು ಎದುರಿಸಬೇಕಾಯಿತು. ಆಲ್‌ಪೋರ್ಟ್ ಹೇಳಿದ ನಾಲ್ಕನೆಯ ಷರತ್ತು ಇಲ್ಲದ ಕಡೆಯಲ್ಲೂ ಒಬ್ಬರು ಕೆಲಸ ಆರಂಭಿಸಬಹುದು ಎಂಬುದಕ್ಕೆ ಅವರ ಬದುಕು ಸಾಕ್ಷಿ.

ದೈವಾರಾಧನೆಯಲ್ಲಿ ಕೋಲ ಕಟ್ಟುವ ಸಮುದಾಯಗಳನ್ನು ನೋಡಿದರೆ, ಸಮಾನ ಸ್ಥಾನವು ಸಂದರ್ಭಕ್ಕೆ ಎಷ್ಟು ಅಂಟಿಕೊಂಡಿರುತ್ತದೆ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ರಾತ್ರಿ ದೈವದ ನುಡಿ ಕೊಡುವವರ ಮುಂದೆ ಗುತ್ತಿನ (ಊರಿನ ದೊಡ್ಡ ಭೂಮಾಲಿಕ ಮನೆತನದ) ಯಜಮಾನರೂ ಕೈಮುಗಿದು ನಿಲ್ಲುತ್ತಾರೆ. ಬೆಳಗಾದ ಮೇಲೆ ಅದೇ ವ್ಯಕ್ತಿ ಅಂಗಳದಲ್ಲೇ ನಿಲ್ಲಬೇಕಾದ ಕಾಲವಿತ್ತು. ಆಲ್‌ಪೋರ್ಟರ ಷರತ್ತುಗಳು ಒಂದು ರಾತ್ರಿಗೆ ಮಾತ್ರ ಸೀಮಿತವಾದರೆ ಮರುದಿನಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಗುಂಪಿನ ಕೆಲಸ ಒಂದು ಭಾನುವಾರಕ್ಕೆ ಮುಗಿಯುವಂಥದ್ದಾಗಿರದೆ, ಕಡಿಮೆಯೆಂದರೆ ಮೂರು ನಾಲ್ಕು ಭೇಟಿಗಳನ್ನು ಬೇಡುವಂಥದ್ದಾಗಿರಲಿ.

ಕೆಲಸದ ಅರ್ಥವನ್ನು ಕೇಳುವಾಗ ಇರಬೇಕಾದ ಎಚ್ಚರ

ಮಾತು ಬೆಳೆದಂತೆ ಜನರು ತಮ್ಮ ಕೆಲಸದಲ್ಲಿ ಕಂಡುಕೊಂಡ ಅರ್ಥವನ್ನೂ ಹೇಳತೊಡಗುತ್ತಾರೆ. ಏಮಿ ಶೆಸ್ನೆಫ್‌ಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಆಸ್ಪತ್ರೆಯ ಶುಚಿ ಕಾರ್ಮಿಕರ ಪ್ರಸ್ತಾಪವಿದೆ. ಅವರಲ್ಲಿ ಕೆಲವರು ತಮ್ಮದನ್ನು ನೆಲ ಒರೆಸುವ ಕೆಲಸವೆಂದಷ್ಟೇ ಎಣಿಸದೆ, ರೋಗಿ ಗುಣವಾಗುವುದರಲ್ಲಿ ತಮಗೂ ಪಾಲಿದೆ ಎಂದು ತಿಳಿದು, ಯಾರೂ ಹೇಳದಿದ್ದರೂ ರೋಗಿಗಳೊಂದಿಗೆ ಮಾತನಾಡುತ್ತ, ಅವರ ಮನೆಯವರಿಗೆ ದಾರಿ ತೋರಿಸುತ್ತ ಇದ್ದರು. ಆಸ್ಪತ್ರೆಗಳ ಊರೇ ಆಗಿರುವ ಮಂಗಳೂರು, ಮಣಿಪಾಲಗಳಲ್ಲಿ ವಾರ್ಡಿನಲ್ಲಿ ನಾಲ್ಕು ದಿನ ಕಳೆದವರಿಗೆ ಇಂಥವರ ಪರಿಚಯ ಆಗದೆ ಇರದು.

ಆದರೆ ಈ ಅರ್ಥವನ್ನು ಕಂಡು ಮೆಚ್ಚಿದ ಕೂಡಲೇ ಒಂದು ಅಪಾಯ ಹುಟ್ಟಿಕೊಳ್ಳುತ್ತದೆ. ಜೇ ಕಿಮ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಒಬ್ಬರಿಗೆ ತಮ್ಮ ಕೆಲಸದ ಮೇಲೆ ಅತೀವ ಪ್ರೀತಿಯಿದೆ ಎಂದು ತಿಳಿದಾಗ ಅವರನ್ನು ಹೆಚ್ಚು ಹೊತ್ತು, ಹೆಚ್ಚಿನ ಸಂಬಳವಿಲ್ಲದೆ, ಅವರ ಕೆಲಸಕ್ಕೆ ಸಂಬಂಧಿಸದ ಕೀಳು ಕೆಲಸಗಳಿಗೂ ದುಡಿಸಿಕೊಳ್ಳುವುದು ಜನರಿಗೆ ನ್ಯಾಯವೆಂದೇ ತೋರುತ್ತದೆ. ‘ಅವರಿಗೆ ಇದು ಸೇವೆ, ದುಡ್ಡಿಗಾಗಿ ಮಾಡುವವರಲ್ಲ’ ಎಂಬ ಹೊಗಳಿಕೆಯು ಕೂಲಿಯನ್ನು ಕಡಿತ ಮಾಡುವ ಕತ್ತರಿಯಾಗುವುದು ಹೀಗೆ. ಆದ್ದರಿಂದ ಕೆಲಸದ ಅರ್ಥದ ಬಗ್ಗೆ ಕೇಳಿದ ದಿನವೇ ಕೈಗವಸು, ಗಮ್‌ಬೂಟು, ಸಂಬಳದ ದಿನಾಂಕ, ರಜೆ, ಶೌಚಾಲಯ ಇವುಗಳ ಬಗ್ಗೆಯೂ ಕೇಳಬೇಕೆಂಬುದು ನಮ್ಮ ಗುಂಪಿನ ಕಟ್ಟುನಿಟ್ಟಿನ ನಿಯಮ. ಕೈಯಿಂದ ಮಲ ಬಾಚಿಸುವುದನ್ನೂ, ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ, ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ನಿಮ್ಮ ಬೀದಿಯಲ್ಲಿ ಅಂಥದ್ದು ಕಂಡರೆ ನೋಟ್ ಪುಸ್ತಕವನ್ನು ಮುಚ್ಚಿಟ್ಟು ಮೊದಲು ಆ ಕೆಲಸವನ್ನು ನಿಲ್ಲಿಸಿ, ಆಡಳಿತಕ್ಕೆ ತಿಳಿಸಬೇಕು.

ಯಂತ್ರದಂತೆ ಕಾಣಲ್ಪಟ್ಟವರ ಒಳಗೆ ಏನಾಗುತ್ತದೆ ಎಂಬುದನ್ನೂ ಗುಂಪಿಗೆ ತಿಳಿಸುವುದು ಒಳ್ಳೆಯದು. ಬ್ರಾಕ್ ಬಾಸ್ಟಿಯನ್ ಮತ್ತು ಹಾಸ್ಲಮ್ 2011ರಲ್ಲಿ ವಿವರಿಸಿದಂತೆ, ವಸ್ತುವಿನಂತೆ ನಡೆಸಿಕೊಳ್ಳಲ್ಪಟ್ಟವರಲ್ಲಿ ಭಾವನೆಗಳು ಮರಗಟ್ಟುತ್ತವೆ, ಯೋಚನೆ ಮಂಕಾಗುತ್ತದೆ, ದುಃಖ ಆವರಿಸುತ್ತದೆ. ‘ಇವರಿಗೆ ಏನು ಹೇಳಿದರೂ ಮುಖದಲ್ಲಿ ಭಾವವೇ ಇಲ್ಲ’ ಎಂದು ನಾವು ದೂರುವ ಮುಖ ಎಷ್ಟೋ ಸಲ ನಾವೇ ಮಾಡಿಟ್ಟದ್ದು.

ಗುಂಪಿನಲ್ಲಿ ಕೆಟ್ಟ ಮಾತು ಬಂದಾಗ

ಕರಾವಳಿಯಲ್ಲಿ ಜಾತಿ, ಮತಗಳ ಹೆಸರಿನಲ್ಲಿ ಒಂದು ಇಡೀ ಸಮುದಾಯವನ್ನು ಪ್ರಾಣಿಗೋ ಕ್ರಿಮಿಗೋ ಹೋಲಿಸುವ ಮಾತು ಸಭೆಯ ನಡುವೆ ಬಂದುಬಿಡುವುದುಂಟು. ರುವಾಂಡದಲ್ಲಿ 1994ರ ನರಮೇಧಕ್ಕೆ ಮುನ್ನವೂ ಅದರ ಸಮಯದಲ್ಲೂ ಟುಟ್ಸಿ ಜನರನ್ನು ಜಿರಳೆಗಳು ಎಂದು ರೇಡಿಯೋದಲ್ಲಿ ಕರೆಯುತ್ತಿದ್ದರು ಎಂಬುದನ್ನು ಬಲ್ಲವರು ಆ ಮಾತನ್ನು ಕೇಳಿಯೂ ಕೇಳಿಸದಂತೆ ಇರಲಾರರು. ಆದರೆ ಹಾಗೆ ಆಡಿದವರನ್ನು ‘ನೀವೇ ಮೃಗ’ ಎಂದು ಹಿಂದಿರುಗಿ ಬೈಯುವುದರಿಂದ ಕೆಡುಕು ಹೆಚ್ಚುತ್ತದೆ. ನೂರ್ ಕ್ಟೇಲಿ, ಗಾರ್ಡನ್ ಹಾಡ್ಸನ್ ಮತ್ತು ಎಮಿಲ್ ಬ್ರೂನೋ 2016ರಲ್ಲಿ ತೋರಿಸಿದಂತೆ, ಎದುರಿನ ಗುಂಪು ನಮ್ಮನ್ನು ಮನುಷ್ಯರೆಂದು ಎಣಿಸುತ್ತಿಲ್ಲ ಎಂದು ತೋರಿದಾಗ ನಾವೂ ಅವರನ್ನು ಹಾಗೆಯೇ ಕಾಣತೊಡಗುತ್ತೇವೆ. ಅಮೆರಿಕದ ಎರಡು ಪಕ್ಷಗಳ ಬೆಂಬಲಿಗರ ಬಗ್ಗೆ 2020ರಲ್ಲಿ ಬಂದ ಅಧ್ಯಯನದಲ್ಲಿ, ಎದುರು ಪಕ್ಷದವರು ತಮ್ಮನ್ನು ಎಷ್ಟು ಕೀಳಾಗಿ ಕಾಣುತ್ತಾರೆ ಎಂಬ ಊಹೆಯು ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು.

ಹಾಗಾಗಿ ನಾವು ಮಾಡುವುದು ಇಷ್ಟು. ಆಡಿದವರನ್ನು ಹೆಸರು ಹಿಡಿದು ಗೌರವದಿಂದಲೇ ಕರೆದು, ಅವರು ಹೇಳಿದ ವಾಕ್ಯದಲ್ಲಿ ಆ ಹೋಲಿಕೆಯ ಜಾಗಕ್ಕೆ ಮನುಷ್ಯರನ್ನು ಇಟ್ಟು ಮತ್ತೊಮ್ಮೆ ಹೇಳಿ, "ನೀವು ಹೇಳುತ್ತಿರುವುದು ಆ ಬೀದಿಯಲ್ಲಿರುವ ಇಂಥ ಮನೆಯವರಿಗೂ ಅನ್ವಯಿಸುತ್ತದೆಯೇ?" ಎಂದು ಅವರೇ ಬಲ್ಲ ಒಬ್ಬರ ಬಗ್ಗೆ ಕೇಳುವುದು. ಬಹಳ ಮಂದಿ ‘ಅವರು ಬೇರೆ’ ಎನ್ನುತ್ತಾರೆ. ಆ ಉತ್ತರವನ್ನು ಖಂಡಿಸದೆ, ಅವರು ಹೇಗೆ ಬೇರೆ, ಅವರಿಗೆ ಏನು ಮುಖ್ಯ ಎಂದು ಮುಂದುವರಿಸಿದರೆ ಮಾತು ಮತ್ತೆ ಮೌಲ್ಯಗಳತ್ತ ಬರುತ್ತದೆ.

ಈ ವಿಧಾನಕ್ಕೆ ಮಿತಿಯಿದೆ. ತಾಗೆ ರಾಯ್, ಪಿಯರ್ಕಾರ್ಲೊ ವಾಲ್ಡೆಸೋಲೊ ಮತ್ತು ಜೆಸ್ಸಿ ಗ್ರಹಾಮ್ 2017ರಲ್ಲಿ ತೋರಿಸಿದಂತೆ, ಅಮಾನವೀಕರಣವು ಲಾಭಕ್ಕಾಗಿ ಮಾಡುವ ಹಿಂಸೆಯನ್ನು ಹೆಚ್ಚಿಸುತ್ತದೆ. ‘ಇವರು ತಪ್ಪು ಮಾಡಿದ್ದಾರೆ, ಅನುಭವಿಸಬೇಕು’ ಎಂಬ ನೈತಿಕ ಕೋಪದ ಹಿಂಸೆಯನ್ನು ಅದು ಹೆಚ್ಚಿಸುವುದಿಲ್ಲ. ನೋವು ಅರಿಯಬಲ್ಲ ಮನುಷ್ಯರೆಂದು ತಿಳಿದೇ ನೋಯಿಸುವವರೂ ಇದ್ದಾರೆ. ಅಂಥ ಕೋಪ ಕುದಿಯುತ್ತಿರುವ ಕಡೆ ಮೀನಿನ ರುಚಿಯ ಪ್ರಶ್ನೆ ಕೆಲಸ ಮಾಡದು. ಅಲ್ಲಿ ನ್ಯಾಯದ ಮಾತು, ಕಾನೂನಿನ ರಕ್ಷಣೆ ಮತ್ತು ಎರಡೂ ಕಡೆಯವರು ನಂಬುವ ಹಿರಿಯರು ಬೇಕಾಗುತ್ತಾರೆ. ನಮ್ಮ ಗುಂಪು ಅಂಥ ಸಂದರ್ಭಕ್ಕೆ ಕೈಹಾಕಿಲ್ಲ.

ಕೊನೆಯ ವಾರ, ಮೊದಲ ವಾರದಂತೆಯೇ ಮತ್ತೆ ಏಳು ದಿನ ನಿಮ್ಮ ಮಾತುಗಳನ್ನು ಬರೆದಿಡಿ. ಎರಡೂ ವಾರಗಳ ಪುಟಗಳನ್ನು ಅಕ್ಕಪಕ್ಕದಲ್ಲಿಟ್ಟು ಎಣಿಕೆ, ಸರ್ವನಾಮ, ಹೋಲಿಕೆ ಈ ಮೂರನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಎಷ್ಟು ಹೆಸರುಗಳು ಸೇರಿಕೊಂಡಿವೆ ಎಂಬುದನ್ನೂ ನೋಡಿ. ನನ್ನ ಎರಡನೆಯ ಪುಟದಲ್ಲಿ ‘ಲೇಬರ್’ ಪದ ಎರಡು ಕಡೆ ಉಳಿದಿತ್ತು, ಎರಡೂ ಅವಸರದ ಫೋನ್ ಕರೆಗಳಲ್ಲಿ. ಈಗ ಮೇಸ್ತ್ರಿಗೆ ಫೋನ್ ಮಾಡುವಾಗ ಕಳೆದ ಸಲ ಬಂದಿದ್ದವರ ಹೆಸರು ಹೇಳಿ, ಅವರಿಬ್ಬರೂ ಊರಿನಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸುತ್ತೇನೆ. ಹಿಂದಿನ ವರ್ಷ ಹಾಗೆ ವಿಚಾರಿಸಿದಾಗ, ಹಿರಿಯರು ಮಗಳ ಮದುವೆಗೆಂದು ಕೊಪ್ಪಳಕ್ಕೆ ಹೋಗಿದ್ದಾರೆ, ಪತ್ತನಾಜೆ ಕಳೆದ ಮೇಲೆಯೇ ಬರುವುದು ಎಂದು ತಿಳಿಯಿತು. ಹಂಚಿನ ಕೆಲಸ ಹತ್ತು ದಿನ ತಡವಾಯಿತು. ಮಳೆ ಬರುವ ಮೊದಲೇ ಅವರು ಬಂದು ಮುಗಿಸಿಕೊಟ್ಟರು.